ಇತರರಿಗೆ ವೇದಿಕೆ ಕೊಟ್ಟ ವರದಿಗಾರ ಎಡ್ ಸಲಿವನ್

ಹಾಡುವವರು, ಕುಣಿಯುವವರು, ನಗಿಸುವವರು ಜನರ ನೆನಪಿನಲ್ಲಿ ಉಳಿಯುತ್ತಾರೆ. ಅವರನ್ನು ಹುಡುಕಿ ಕರೆಸಿ, ಯಾರ ನಂತರ ಯಾರು ಎಂದು ಪಟ್ಟಿ ಮಾಡಿ, ಮೈಕಿನ ಮುಂದೆ ಎರಡು ಮಾತು ಹೇಳಿ ಬದಿಗೆ ಸರಿಯುವ ವ್ಯಕ್ತಿಯನ್ನು ಕಾರ್ಯಕ್ರಮ ಮುಗಿದ ಮೇಲೆ ವಿಚಾರಿಸುವವರು ಕಡಿಮೆ. ವೇದಿಕೆ ಕಾರ್ಯಕ್ರಮ ನಡೆಸಿದವರೆಲ್ಲರಿಗೂ ಇದು ತಿಳಿದ ಮಾತು. ಆದರೆ ಅಮೆರಿಕದಲ್ಲಿ ಇದೇ ಕೆಲಸವನ್ನು ಒಂದೇ ಟಿವಿ ವಾಹಿನಿಯಲ್ಲಿ 23 ವರ್ಷ ಮಾಡಿ, ತಾನು ಹಾಡದೆ, ಕುಣಿಯದೆ, ನಗಿಸಲೂ ಬಾರದೆ ಮನೆಮಾತಾದ ಒಬ್ಬರಿದ್ದರು. ಅವರೇ ಎಡ್ ಸಲಿವನ್.

ಸಲಿವನ್ ಮೂಲತಃ ಪತ್ರಿಕಾ ವರದಿಗಾರರು. ನಾಟಕ, ಸಿನಿಮಾ, ಸಂಗೀತ ಲೋಕದ ಸುದ್ದಿ ಬರೆಯುವುದು ಅವರ ಕಸುಬು. ಮುಂಬಯಿಯಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1972ರ ಅಕ್ಟೋಬರ್ 2ರಂದು. ಅದಕ್ಕೆ ಒಂದು ವರ್ಷ ಮೊದಲೇ ಸಲಿವನ್ ಅವರ ವಾರದ ಟಿವಿ ಕಾರ್ಯಕ್ರಮ ನಿಂತಿತ್ತು. ಆದ್ದರಿಂದ ನಮ್ಮಲ್ಲಿ ಅವರನ್ನು ಪರದೆಯ ಮೇಲೆ ಕಂಡವರು ವಿರಳ. ಎಲ್ವಿಸ್ ಪ್ರೀಸ್ಲಿ, ಬೀಟಲ್ಸ್ ಹೆಸರು ಕೇಳದವರಿಲ್ಲ. ಆ ಹೆಸರುಗಳು ಅಮೆರಿಕದ ಮನೆಮನೆ ಸೇರಿದ್ದರಲ್ಲಿ ಈ ವರದಿಗಾರರ ಕೈ ಎಷ್ಟಿತ್ತು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಬಾಲ್ಯ ಮತ್ತು ಆಟದ ಮೈದಾನ

ಎಡ್ವರ್ಡ್ ವಿನ್ಸೆಂಟ್ ಸಲಿವನ್ 1901ರ ಸೆಪ್ಟೆಂಬರ್ 28ರಂದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಐರಿಷ್ ಮೂಲದ ಕೆಥೊಲಿಕ್ ಕುಟುಂಬದಲ್ಲಿ ಜನಿಸಿದರು. ಅವರದು ಅವಳಿ ಜನನ. ಜೊತೆಗೆ ಹುಟ್ಟಿದ ಡೇನಿಯಲ್ ಹಸುಗೂಸಾಗಿದ್ದಾಗಲೇ ತೀರಿಕೊಂಡ. ತಂದೆ ಪೀಟರ್ ಕಸ್ಟಮ್ಸ್ ಕಚೇರಿಯ ನೌಕರರು. ಎಡ್ ಚಿಕ್ಕವರಿದ್ದಾಗಲೇ ಕುಟುಂಬ ನಗರದ ಉತ್ತರಕ್ಕಿರುವ ಪೋರ್ಟ್ ಚೆಸ್ಟರ್ ಎಂಬ ಸಣ್ಣ ಊರಿಗೆ ಬಂದು ನೆಲೆಸಿತು.

ಹೈಸ್ಕೂಲಿನಲ್ಲಿ ಅವರು ಫುಟ್‌ಬಾಲ್, ಬೇಸ್‌ಬಾಲ್, ಬಾಸ್ಕೆಟ್‌ಬಾಲ್, ಓಟ ಎಲ್ಲದರಲ್ಲೂ ಮುಂದು. ಶಾಲೆಯಲ್ಲಿರುವಾಗಲೇ ಊರಿನ ‘ಡೈಲಿ ಐಟಂ’ ಪತ್ರಿಕೆಗೆ ಕ್ರೀಡಾ ವರದಿ ಬರೆಯತೊಡಗಿದರು. ಕಾಲೇಜು ಮೆಟ್ಟಿಲು ಹತ್ತಲಿಲ್ಲ, ಶಾಲೆ ಮುಗಿಯುತ್ತಲೇ ಅದೇ ಪತ್ರಿಕೆ ಅವರಿಗೆ ಅನ್ನ ಕೊಟ್ಟಿತು. ಆ ಶಾಲೆಯ ತಂಡಗಳಲ್ಲಿ ಕಪ್ಪು ಜನಾಂಗದ ಹುಡುಗರೂ ಆಡುತ್ತಿದ್ದರು. ಬಿಳಿಯರು, ಕರಿಯರು ಬೇರೆ ಬೇರೆ ಎಂಬ ಕಟ್ಟುಪಾಡು ಬಲವಾಗಿದ್ದ ಆ ಕಾಲದಲ್ಲಿ ಒಂದೇ ಮೈದಾನದಲ್ಲಿ ಆಡಿ ಬೆಳೆದದ್ದು ಸಲಿವನ್ ಅವರ ಸ್ವಭಾವದಲ್ಲಿ ಕೊನೆಯವರೆಗೂ ಉಳಿಯಿತು.

ಕ್ರೀಡಾ ಪುಟದಿಂದ ಬ್ರಾಡ್‌ವೇ ಅಂಕಣಕ್ಕೆ

1919ರಲ್ಲಿ ಅವರು ಹಾರ್ಟ್‌ಫರ್ಡ್ ನಗರದ ಪತ್ರಿಕೆಯೊಂದಕ್ಕೆ ಸೇರಿದರು. ಸೇರಿದ ಮೊದಲ ವಾರದಲ್ಲೇ ಆ ಪತ್ರಿಕೆ ಬಾಗಿಲು ಹಾಕಿತು. ಅಲ್ಲಿಂದ ನ್ಯೂಯಾರ್ಕಿನ ‘ಈವನಿಂಗ್ ಮೇಲ್’ ಪತ್ರಿಕೆಗೆ ಬಂದರು. ಕೆಲ ವರ್ಷಗಳಲ್ಲಿ ಅದೂ ನಿಂತಿತು. ನಂತರ ಹಲವು ಪತ್ರಿಕೆಗಳಲ್ಲಿ ದುಡಿದು 1927ರಲ್ಲಿ ‘ಈವನಿಂಗ್ ಗ್ರಾಫಿಕ್’ ಸೇರಿ ಅಲ್ಲಿ ಕ್ರೀಡಾ ಸಂಪಾದಕರಾದರು. ಪತ್ರಿಕೆ ಮುಚ್ಚಿದರೆ ಸಂಬಳವೂ ನಿಂತಂತೆ ಎಂಬ ಪಾಠವನ್ನು ಅವರು ಎಳೆಯ ಪ್ರಾಯದಲ್ಲೇ ಕಲಿತಿದ್ದರು.

1929ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ದಕ್ಷಿಣದ ಜಾರ್ಜಿಯಾ ತಂಡದ ಎದುರು ಆಡಬೇಕಿತ್ತು. ಎದುರಾಳಿಗಳ ಮನಸ್ಸಿಗೆ ನೋವಾಗದಿರಲೆಂದು ವಿಶ್ವವಿದ್ಯಾಲಯ ತನ್ನದೇ ಕಪ್ಪು ಆಟಗಾರನನ್ನು ಕೂರಿಸಲು ಒಪ್ಪಿತು. ಸಲಿವನ್ ತಮ್ಮ ಅಂಕಣದಲ್ಲಿ ಇದನ್ನು ಕಟುವಾಗಿ ಖಂಡಿಸಿದರು.

ಅದೇ ಪತ್ರಿಕೆಯಲ್ಲಿ ವಾಲ್ಟರ್ ವಿಂಚೆಲ್ ಬ್ರಾಡ್‌ವೇ ಅಂಕಣ ಬರೆದು ಪ್ರಸಿದ್ಧರಾಗಿದ್ದರು. ಬ್ರಾಡ್‌ವೇ ಎಂದರೆ ನ್ಯೂಯಾರ್ಕಿನ ನಾಟಕಶಾಲೆಗಳ ಬೀದಿ. ಯಾವ ನಟಿ ಯಾರ ಜೊತೆ ಊಟಕ್ಕೆ ಹೋದಳು, ಯಾವ ನಾಟಕ ಸೋತಿತು, ಯಾರ ಸಂಸಾರ ಮುರಿಯಿತು ಎಂಬುದೇ ಅಂಕಣದ ಸರಕು. ವಿಂಚೆಲ್ ಬೇರೆ ಪತ್ರಿಕೆಗೆ ಹೋದ ಮೇಲೆ ಮುಂದೆ ಆ ಅಂಕಣ ಸಲಿವನ್ ಪಾಲಿಗೆ ಬಂತು. ಮೊದಲ ಬರಹದಲ್ಲೇ ಅವರು ಗಾಳಿಸುದ್ದಿ ಬರೆಯುವ ಅಂಕಣಕಾರರ ಮೇಲೆ ಹರಿಹಾಯ್ದರು. ಆದರೆ ಓದುಗರಿಗೆ ಬೇಕಾದದ್ದು ಅದೇ ಸುದ್ದಿ. ಹೆಚ್ಚು ದಿನ ಕಳೆಯುವ ಮೊದಲೇ ಅವರೂ ಅದನ್ನೇ ಬರೆಯತೊಡಗಿದರು. ವಿಂಚೆಲ್ ಜೊತೆಗಿನ ವೈರ ಮಾತ್ರ ಬಹುಕಾಲ ಮುಂದುವರಿಯಿತು.

1932ರಲ್ಲಿ ‘ಗ್ರಾಫಿಕ್’ ಕೂಡ ಮುಚ್ಚಿತು. ಸಲಿವನ್ ‘ಡೈಲಿ ನ್ಯೂಸ್’ ಪತ್ರಿಕೆ ಸೇರಿದರು. ಅಲ್ಲಿ ಅವರ ಅಂಕಣದ ಹೆಸರು ‘ಲಿಟಲ್ ಓಲ್ಡ್ ನ್ಯೂಯಾರ್ಕ್’. ನಡುವೆ 1937ರಿಂದ ಕೆಲ ವರ್ಷ ಹಾಲಿವುಡ್‌ನಲ್ಲಿದ್ದು ಸಿನಿಮಾ ಸುದ್ದಿ ಬರೆದರು. ಒಟ್ಟಿನಲ್ಲಿ ಈ ಪತ್ರಿಕೆಯ ನಂಟು 42 ವರ್ಷ, ಅಂದರೆ ಅವರ ಕೊನೆಯ ಉಸಿರಿನ ತನಕ ಉಳಿಯಿತು. ಟಿವಿಯಿಂದ ದೇಶಕ್ಕೆಲ್ಲ ಪರಿಚಿತರಾದ ಮೇಲೂ ಅವರು ಅಂಕಣ ಬಿಡಲಿಲ್ಲ.

ಸಂಸಾರ

ಯಹೂದಿ ಮನೆತನದ ಸಿಲ್ವಿಯಾ ವೈನ್‌ಸ್ಟೈನ್ ಅವರನ್ನು ಸಲಿವನ್ ಮೆಚ್ಚಿದ್ದರು. ಧರ್ಮ ಬೇರೆಯಾದ ಕಾರಣ ಎರಡೂ ಮನೆಗಳಲ್ಲಿ ವಿರೋಧವಿತ್ತು. ಸುಮಾರು ಮೂರು ವರ್ಷಗಳ ಒಡನಾಟದ ನಂತರ 1930ರ ಏಪ್ರಿಲ್ 28ರಂದು ಅವರು ನಗರಸಭೆಯ ಕಚೇರಿಯಲ್ಲಿ ಮದುವೆಯಾದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮಗಳು ಬೆಟ್ಟಿ ಹುಟ್ಟಿದಳು. ಸ್ವಂತ ಬಂಗಲೆ ಕಟ್ಟಿಸಿ ಮೆರೆಯುವ ಗೋಜಿಗೆ ಹೋಗದೆ ದಂಪತಿ ಹೋಟೆಲುಗಳಲ್ಲೇ ಬಾಳಿದರು. 1944ರಿಂದ ಪಾರ್ಕ್ ಅವೆನ್ಯೂದ ಡೆಲ್ಮೊನಿಕೊ ಹೋಟೆಲಿನ ಕೋಣೆಗಳೇ ಅವರ ಮನೆ. ರಾತ್ರಿಯ ಊಟ ಹೊರಗೆ, ಊಟದ ಜಾಗದಲ್ಲೇ ಮರುದಿನದ ಅಂಕಣಕ್ಕೆ ಸುದ್ದಿ.

ಟಿವಿಯ ಬಾಗಿಲು

ಅಂಕಣದ ಜೊತೆಗೆ ಸಲಿವನ್ ವಾಡ್ವಿಲ್ ವೇದಿಕೆಗಳಲ್ಲಿ ನಿರೂಪಕರಾಗಿ ದುಡಿದರು. ಒಂದೇ ಸಂಜೆ ಹಾಡು, ಕುಣಿತ, ಹಾಸ್ಯ, ಜಾದೂ, ಪ್ರಾಣಿಗಳ ಆಟ ಎಲ್ಲವನ್ನೂ ತೋರಿಸುವ ರಂಗಪ್ರದರ್ಶನಕ್ಕೆ ವಾಡ್ವಿಲ್ ಎಂದು ಹೆಸರು. ರೇಡಿಯೋದಲ್ಲೂ ಕಾರ್ಯಕ್ರಮ ಕೊಟ್ಟರು. ಮುಂದೆ ಬಹು ದೊಡ್ಡ ಹಾಸ್ಯ ಕಲಾವಿದರಾದ ಜ್ಯಾಕ್ ಬೆನ್ನಿ ರೇಡಿಯೋಗೆ ಕಾಲಿಟ್ಟದ್ದು 1932ರಲ್ಲಿ ಸಲಿವನ್ ಕಾರ್ಯಕ್ರಮದ ಮೂಲಕವೇ. ಎರಡನೇ ಮಹಾಯುದ್ಧದ ವೇಳೆ ಗಾಯಾಳು ಸೈನಿಕರಿಗಾಗಿ ಅವರು ಅನೇಕ ಸಹಾಯಾರ್ಥ ಪ್ರದರ್ಶನಗಳನ್ನು ನಡೆಸಿದರು.

‘ಡೈಲಿ ನ್ಯೂಸ್’ ಪ್ರತಿವರ್ಷ ‘ಹಾರ್ವೆಸ್ಟ್ ಮೂನ್ ಬಾಲ್’ ಎಂಬ ನೃತ್ಯ ಸ್ಪರ್ಧೆ ಏರ್ಪಡಿಸುತ್ತಿತ್ತು. ನಿರೂಪಣೆ ಸಲಿವನ್ ಅವರದು. 1947ರಲ್ಲಿ ಸಿಬಿಎಸ್ ವಾಹಿನಿ ಅದನ್ನು ಪ್ರಸಾರ ಮಾಡಿತು. ಅಲ್ಲಿ ಅವರನ್ನು ಗಮನಿಸಿದ ವಾಹಿನಿಯ ಅಧಿಕಾರಿ ವರ್ದಿಂಗ್ಟನ್ ಮೈನರ್ ಹೊಸ ಕಾರ್ಯಕ್ರಮಕ್ಕೆ ಅವರನ್ನೇ ಆರಿಸಿದರು. 1948ರ ಜೂನ್ 20ರ ಭಾನುವಾರ ‘ಟೋಸ್ಟ್ ಆಫ್ ದಿ ಟೌನ್’ ಆರಂಭವಾಯಿತು. ಮೊದಲ ದಿನ ಡೀನ್ ಮಾರ್ಟಿನ್ ಮತ್ತು ಜೆರ್ರಿ ಲೂಯಿಸ್ ಎಂಬ ಹಾಸ್ಯ ಜೋಡಿ, ನಾಟಕ ಸಂಗೀತದ ದಿಗ್ಗಜರಾದ ರಾಜರ್ಸ್ ಮತ್ತು ಹ್ಯಾಮರ್‌ಸ್ಟೈನ್ ಬಂದರು. ಅವರ ಜೊತೆಗೆ ಹಾಡು ಬಲ್ಲ ಒಬ್ಬ ಅಗ್ನಿಶಾಮಕ ನೌಕರ, ಒಬ್ಬ ಬಾಕ್ಸಿಂಗ್ ರೆಫರಿ ಕೂಡ ಇದ್ದರು.

ಆರಂಭದಲ್ಲಿ ಕಲಾವಿದರಿಗೆ ಕೊಡಲು ಹಣ ತೀರಾ ಕಡಿಮೆ ಇತ್ತು. ಆದರೂ ದೊಡ್ಡವರು ಬರುತ್ತಿದ್ದರು. ಕಾರಣ ಸ್ಪಷ್ಟ. ಸಲಿವನ್ ಅಂಕಣದಲ್ಲಿ ಹೆಸರು ಬಂದರೆ ನಾಟಕದ ಟಿಕೆಟು ಖರ್ಚಾಗುತ್ತಿತ್ತು, ಅವರನ್ನು ಎದುರು ಹಾಕಿಕೊಳ್ಳುವುದು ಯಾರಿಗೂ ಹಿತವಲ್ಲ. ಸುದ್ದಿ ಬರೆಯುವ ಲೇಖನಿ ಮತ್ತು ಅವಕಾಶ ಕೊಡುವ ವೇದಿಕೆ ಎರಡೂ ಒಬ್ಬರ ಕೈಯಲ್ಲೇ ಇದ್ದವು. ಇದು ಸರಿಯೇ ಎಂಬ ಪ್ರಶ್ನೆ ಅಂದೂ ಇತ್ತು.

ಪರದೆಯ ಮೇಲೆ ಸಲಿವನ್ ಬಿಗಿಮೋರೆಯವರು. ಕುತ್ತಿಗೆ ಸೆಟೆದು ನಿಲ್ಲುವರು, ಕೈ ಎಲ್ಲಿಡಬೇಕೆಂದು ತಿಳಿಯದು, ಅತಿಥಿಗಳ ಹೆಸರು ತಪ್ಪುವುದೂ ಉಂಟು. ವಿಮರ್ಶಕರು ನಿರ್ದಯವಾಗಿ ಬರೆದರು. ಆರಂಭದ ದಿನಗಳಲ್ಲಿ ವಾಹಿನಿಯವರೇ ಸಲಿವನ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂದು ಪ್ರಾಯೋಜಕರಿಗೆ ಕಾರ್ಯಕ್ರಮವನ್ನು ತೋರಿಸಿದ್ದುಂಟು. ಮೊದಲ ಪ್ರಾಯೋಜಕರು ಕೈಬಿಟ್ಟರು. 1949ರಲ್ಲಿ ಫೋರ್ಡ್ ಕಂಪನಿಯ ಲಿಂಕನ್-ಮರ್ಕ್ಯುರಿ ಕಾರುಗಳ ವಿಭಾಗ ಮುಂದೆ ಬಂದ ಮೇಲೆ ಕಾರ್ಯಕ್ರಮಕ್ಕೆ ನೆಲೆ ಸಿಕ್ಕಿತು. ಅವರನ್ನು ಅಣಕಿಸಿ ಹೆಸರು ಮಾಡಿದ ಮಿಮಿಕ್ರಿ ಕಲಾವಿದರನ್ನು ಸಲಿವನ್ ದ್ವೇಷಿಸಲಿಲ್ಲ, ತಮ್ಮ ಕಾರ್ಯಕ್ರಮಕ್ಕೇ ಕರೆಸಿದರು. 1955ರ ಸೆಪ್ಟೆಂಬರ್‌ನಲ್ಲಿ ಕಾರ್ಯಕ್ರಮದ ಹೆಸರು ‘ದಿ ಎಡ್ ಸಲಿವನ್ ಶೋ’ ಎಂದು ಬದಲಾಯಿತು.

ಭಾನುವಾರದ ಲೆಕ್ಕಾಚಾರ

ಭಾನುವಾರ ರಾತ್ರಿ ಎಂಟು ಗಂಟೆ. ಮನೆಯಲ್ಲಿ ಟಿವಿ ಒಂದೇ. ಅಜ್ಜ, ತಾಯಿ, ಹದಿಹರೆಯದ ಹುಡುಗಿ, ಪುಟ್ಟ ಮಗು ಎಲ್ಲರೂ ಅದರ ಎದುರು. ಪ್ರತಿಯೊಬ್ಬರಿಗೂ ಒಂದಾದರೂ ಇಷ್ಟವಾಗುವ ಅಂಶ ಇರಬೇಕು, ಇಷ್ಟವಾಗದ್ದು ಬೇಗ ಮುಗಿಯಬೇಕು. ಇದು ಸಲಿವನ್ ಸೂತ್ರ. ಕೋಲಿನ ಮೇಲೆ ತಟ್ಟೆ ತಿರುಗಿಸುವವನ ಪಕ್ಕದಲ್ಲೇ ಅಪೆರಾ ಗಾಯನಕ್ಕೆ ಜಾಗವಿತ್ತು. 1956ರಲ್ಲಿ ಮರಿಯಾ ಕಲ್ಲಾಸ್ ಬಂದು ಹಾಡಿದರು. ಅಮೆರಿಕ ಮತ್ತು ರಷ್ಯಾ ನಡುವೆ ಶೀತಲ ಸಮರ ನಡೆಯುತ್ತಿದ್ದ 1958ರಲ್ಲಿ ಮಾಸ್ಕೋದ ಮೊಯಿಸೆಯೆವ್ ನೃತ್ಯ ತಂಡಕ್ಕೆ ಇಡೀ ಒಂದು ಗಂಟೆಯನ್ನು ಬಿಟ್ಟುಕೊಟ್ಟರು. ಮಕ್ಕಳಿಗಾಗಿ ಇಟಲಿಯ ಟೊಪೊ ಜಿಜಿಯೊ ಎಂಬ ಇಲಿಯ ಬೊಂಬೆ ಇತ್ತು.

ಭಾನುವಾರ ಮಧ್ಯಾಹ್ನ ಪ್ರೇಕ್ಷಕರನ್ನು ಕೂರಿಸಿಯೇ ಪೂರ್ಣ ತಾಲೀಮು ನಡೆಯುತ್ತಿತ್ತು. ಸಲಿವನ್ ಪ್ರೇಕ್ಷಕರ ಮುಖ ನೋಡುತ್ತಿದ್ದರು. ಎಲ್ಲಿ ಚಪ್ಪಾಳೆ ಬರಲಿಲ್ಲವೋ ಅಲ್ಲಿ ಕತ್ತರಿ. ಆರು ನಿಮಿಷದ ಅಂಶ ನಾಲ್ಕಕ್ಕೆ ಇಳಿಯುವುದು, ಕೊನೆಯದು ಮೊದಲಿಗೆ ಬರುವುದು, ಕೆಲವರು ಪಟ್ಟಿಯಿಂದಲೇ ಹೊರಬೀಳುವುದು, ಎಲ್ಲವೂ ಪ್ರಸಾರಕ್ಕೆ ಕೆಲವೇ ಗಂಟೆ ಇರುವಾಗ ನಿರ್ಧಾರವಾಗುತ್ತಿತ್ತು. ಹೆಸರಾಂತ ಕಲಾವಿದರೂ ಈ ಗಳಿಗೆಗೆ ಹೆದರುತ್ತಿದ್ದರು. ವರ್ಷಗಟ್ಟಲೆ ರಾತ್ರಿ ನಿದ್ದೆಗೆಟ್ಟು ನಾಟಕ ನೋಡಿ ಬರೆದ ವರದಿಗಾರನ ಕಣ್ಣು ಇಲ್ಲಿ ಕೆಲಸಕ್ಕೆ ಬಂತು. ಸಲಿವನ್ ಅವರಿಗಿದ್ದ ಕಲೆ ಎಂದರೆ ಇದೊಂದೇ, ಆದರೆ ಅದು ಸಣ್ಣದಾಗಿರಲಿಲ್ಲ.

ತೆರೆದ ಬಾಗಿಲು

ಆ ದಿನಗಳಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನ ಬಿಳಿಯರ ಜೊತೆ ಒಂದೇ ಸಾಲಿನಲ್ಲಿ ಕೂರುವಂತಿರಲಿಲ್ಲ. ಸಲಿವನ್ ವೇದಿಕೆಗೆ ಆರಂಭದ ವರ್ಷಗಳಿಂದಲೇ ಕಪ್ಪು ಕಲಾವಿದರು ಬಂದರು. ಲೂಯಿ ಆರ್ಮ್‌ಸ್ಟ್ರಾಂಗ್, ಎಲಾ ಫಿಟ್ಸ್‌ಜೆರಾಲ್ಡ್, ನ್ಯಾಟ್ ಕಿಂಗ್ ಕೋಲ್, ಪರ್ಲ್ ಬೇಲಿ, ಭಕ್ತಿಗೀತೆಗಳ ಮಹಲಿಯಾ ಜಾಕ್ಸನ್ ಹೀಗೆ ಪಟ್ಟಿ ದೊಡ್ಡದು. ಅಡುಗೆಯವಳ ಅಥವಾ ಆಳಿನ ಪಾತ್ರದಲ್ಲಿ ಮಾತ್ರ ಅವರನ್ನು ಕಾಣುತ್ತಿದ್ದ ಪ್ರೇಕ್ಷಕರು ಇಲ್ಲಿ ಅವರನ್ನು ಗೌರವಾನ್ವಿತ ಅತಿಥಿಗಳಾಗಿ ಕಂಡರು. ಸಲಿವನ್ ನ್ಯಾಟ್ ಕಿಂಗ್ ಕೋಲ್ ಅವರ ಕೈ ಕುಲುಕಿದರು, ಪರ್ಲ್ ಬೇಲಿಯ ಕೆನ್ನೆಗೆ ಮುತ್ತಿಟ್ಟರು. ದಕ್ಷಿಣದ ಕಾರು ಮಾರಾಟಗಾರರಿಂದ ದೂರು ಬಂತು. ಹಣ ಕೊಡುವವರ ಕಡೆಯಿಂದಲೇ ಬಂದ ಈ ಒತ್ತಡಕ್ಕೆ ಅವರು ಬಗ್ಗಲಿಲ್ಲ. ಕಪ್ಪು ಕಲಾವಿದರು ಬರುತ್ತಲೇ ಇದ್ದರು.

1949ರಲ್ಲಿ ಪ್ರಖ್ಯಾತ ನರ್ತಕ ಬಿಲ್ ರಾಬಿನ್ಸನ್ ಬರಿಗೈಯಲ್ಲಿ ತೀರಿಕೊಂಡಾಗ ಅಂತ್ಯಕ್ರಿಯೆಯ ವೆಚ್ಚವನ್ನು ಸಲಿವನ್ ವಹಿಸಿಕೊಂಡರು. ಕಪ್ಪು ಹುಡುಗಿಯರ ಸುಪ್ರೀಮ್ಸ್ ತಂಡ 1964ರ ಡಿಸೆಂಬರ್ 27ರಂದು ಮೊದಲ ಬಾರಿ ಅವರ ವೇದಿಕೆ ಏರಿ ಮುಂದೆ ಖಾಯಂ ಅತಿಥಿಯಾಯಿತು. 1969ರ ಡಿಸೆಂಬರ್ 14ರಂದು ಜಾಕ್ಸನ್ ಫೈವ್ ತಂಡದ ಪುಟ್ಟ ಬಾಲಕನೊಬ್ಬ ಹಾಡಿ ಕುಣಿದ. ಅವನೇ ಮೈಕೆಲ್ ಜಾಕ್ಸನ್.

ಮುಚ್ಚಿದ ಬಾಗಿಲು

ಬಾಗಿಲು ತೆರೆದ ಅದೇ ಕೈ ಬಾಗಿಲು ಮುಚ್ಚಿದ್ದೂ ಇದೆ. ಇದನ್ನು ಹೇಳದಿದ್ದರೆ ಸಲಿವನ್ ಅವರ ಜೀವನ ಅರ್ಧವಷ್ಟೇ ಹೇಳಿದಂತೆ. 1950ರ ಜನವರಿಯಲ್ಲಿ ನರ್ತಕ ಪಾಲ್ ಡ್ರೇಪರ್ ಕಾರ್ಯಕ್ರಮ ಕೊಟ್ಟರು. ಅವರು ಕಮ್ಯುನಿಸ್ಟ್ ಪರ ಎಂದು ಆಪಾದಿಸಿ ಫೋರ್ಡ್ ಕಂಪನಿಗೆ ಪತ್ರಗಳ ಸುರಿಮಳೆಯಾಯಿತು. ವರ್ಣಭೇದದ ದೂರಿಗೆ ಬಗ್ಗದ ಸಲಿವನ್ ಈ ದೂರಿಗೆ ಬಗ್ಗಿದರು. ಜಾಹೀರಾತು ಸಂಸ್ಥೆಗೆ ವಿಷಾದದ ಪತ್ರ ಬರೆದುಕೊಟ್ಟರು. ಆ ನಂತರ ಕಲಾವಿದರ ರಾಜಕೀಯದ ಬಗ್ಗೆ ‘ಕೌಂಟರ್ ಅಟ್ಯಾಕ್’ ಎಂಬ ಕಮ್ಯುನಿಸ್ಟ್ ವಿರೋಧಿ ಪತ್ರಿಕೆಯವರನ್ನು ವಿಚಾರಿಸಿ ಕರೆಸುವ ಪದ್ಧತಿ ಇಟ್ಟುಕೊಂಡರು. ನ್ಯಾಯಾಲಯದಲ್ಲಿ ಯಾವ ತಪ್ಪೂ ಸಾಬೀತಾಗದ ಅನೇಕರು ಆ ಕಾಲದಲ್ಲಿ ಹೀಗೆ ಅನ್ನ ಕಳೆದುಕೊಂಡರು. ಆ ಪಾಪದಲ್ಲಿ ಸಲಿವನ್ ಅವರ ಪಾಲೂ ಇದೆ.

ಅವರ ಸಿಟ್ಟು ಕೂಡ ಪ್ರಸಿದ್ಧ. 1955ರ ನವೆಂಬರ್‌ನಲ್ಲಿ ಬೋ ಡಿಡ್ಲಿ ಎಂಬ ಗಾಯಕ ಹೇಳಿದ ಹಾಡು ಬಿಟ್ಟು ತನ್ನದೇ ಹಾಡು ಹಾಡಿದಾಗ ಅವರಿಗೆ ಆ ವೇದಿಕೆ ಮತ್ತೆ ಸಿಗಲಿಲ್ಲ. 1964ರಲ್ಲಿ ಹಾಸ್ಯಗಾರ ಜ್ಯಾಕಿ ಮೇಸನ್ ಬೆರಳಿನಿಂದ ಅಸಭ್ಯ ಸನ್ನೆ ಮಾಡಿದರೆಂದು ಭಾವಿಸಿ 45,000 ಡಾಲರುಗಳ ಕರಾರನ್ನೇ ರದ್ದು ಮಾಡಿದರು. ಮೇಸನ್ ನ್ಯಾಯಾಲಯಕ್ಕೆ ಹೋದರು. ಕೊನೆಗೆ 1966ರಲ್ಲಿ ಸಲಿವನ್ ಕಾರ್ಯಕ್ರಮದಲ್ಲೇ ಅವರ ಕ್ಷಮೆ ಕೇಳಿದರು. 1963ರಲ್ಲಿ ಬಾಬ್ ಡಿಲನ್ ಹಾಡಬೇಕಿದ್ದ ರಾಜಕೀಯ ವ್ಯಂಗ್ಯದ ಹಾಡನ್ನು ಸಲಿವನ್ ಒಪ್ಪಿದ್ದರೂ ವಾಹಿನಿಯ ಅಧಿಕಾರಿಗಳು ತಡೆದರು. ಡಿಲನ್ ಬೇರೆ ಹಾಡು ಹಾಡಲು ಒಪ್ಪದೆ ಹೊರನಡೆದರು.

ಎಲ್ವಿಸ್ ಮತ್ತು ಬೀಟಲ್ಸ್

ಎಲ್ವಿಸ್ ಪ್ರೀಸ್ಲಿಯ ಸೊಂಟ ಕುಣಿಸುವ ಹಾಡುಗಾರಿಕೆ ಕುಟುಂಬ ಕೂತು ನೋಡುವಂಥದ್ದಲ್ಲ ಎಂಬುದು ಸಲಿವನ್ ಅವರ ಮೊದಲ ನಿಲುವು. ಆದರೆ 1956ರ ಜುಲೈ 1ರಂದು ಎದುರಾಳಿ ವಾಹಿನಿ ಎನ್‌ಬಿಸಿಯಲ್ಲಿ ಸ್ಟೀವ್ ಅಲೆನ್ ಅದೇ ಎಲ್ವಿಸ್‌ನನ್ನು ಕರೆಸಿ ಆ ರಾತ್ರಿ ಸಲಿವನ್ ಕಾರ್ಯಕ್ರಮವನ್ನು ಹಿಂದಿಕ್ಕಿದರು. ಸಲಿವನ್ ನಿಲುವು ಬದಲಿಸಿದರು. ಮೂರು ಕಾರ್ಯಕ್ರಮಗಳಿಗೆ 50,000 ಡಾಲರುಗಳ ಕರಾರಾಯಿತು. ಆಗಸ್ಟ್‌ನಲ್ಲಿ ಕಾರು ಅಪಘಾತದಲ್ಲಿ ತೀವ್ರ ಗಾಯಗೊಂಡ ಕಾರಣ ಸೆಪ್ಟೆಂಬರ್ 9ರ ಮೊದಲ ಕಾರ್ಯಕ್ರಮವನ್ನು ಅವರ ಬದಲು ನಟ ಚಾರ್ಲ್ಸ್ ಲಾಟನ್ ನಡೆಸಿಕೊಟ್ಟರು. ಸುಮಾರು 6 ಕೋಟಿ ಜನ ನೋಡಿದರು. 1957ರ ಜನವರಿ 6ರ ಮೂರನೇ ಕಾರ್ಯಕ್ರಮದಲ್ಲಿ ಕ್ಯಾಮರಾ ಎಲ್ವಿಸ್‌ನ ಸೊಂಟದ ಕೆಳಗೆ ಇಳಿಯಲಿಲ್ಲ. ಕೊನೆಯಲ್ಲಿ ಮಾತ್ರ ಸಲಿವನ್ ಈ ಯುವಕ ಸಭ್ಯ, ಒಳ್ಳೆಯವ ಎಂದು ದೇಶದೆದುರು ಹೊಗಳಿದರು. ಅನೇಕ ತಂದೆತಾಯಿಗಳ ಆತಂಕ ಅಲ್ಲಿಗೆ ಕಡಿಮೆಯಾಯಿತು.

1963ರ ಅಕ್ಟೋಬರ್ 31ರಂದು ಸಲಿವನ್ ದಂಪತಿ ಲಂಡನ್ ವಿಮಾನ ನಿಲ್ದಾಣದಲ್ಲಿದ್ದಾಗ ಅಲ್ಲಿ ಯುವಜನರ ಭಾರಿ ನೂಕುನುಗ್ಗಲು. ವಿಚಾರಿಸಿದಾಗ ಬೀಟಲ್ಸ್ ಎಂಬ ನಾಲ್ವರು ಹುಡುಗರ ತಂಡ ವಿದೇಶದಿಂದ ಮರಳುತ್ತಿದೆ ಎಂದು ತಿಳಿಯಿತು. ಜನಜಂಗುಳಿ ಕಂಡರೆ ಸುದ್ದಿ ಇದೆ ಎಂದು ವರದಿಗಾರನಿಗೆ ಬೇರೆ ಹೇಳಬೇಕಿಲ್ಲ. ನವೆಂಬರ್‌ನಲ್ಲಿ ತಂಡದ ವ್ಯವಸ್ಥಾಪಕ ಬ್ರಯಾನ್ ಎಪ್‌ಸ್ಟೈನ್ ನ್ಯೂಯಾರ್ಕಿಗೆ ಬಂದಾಗ ಮೂರು ಕಾರ್ಯಕ್ರಮಗಳಿಗೆ ಒಟ್ಟು 10,000 ಡಾಲರು ಮತ್ತು ಪ್ರಯಾಣ ವೆಚ್ಚ ಎಂದು ಒಪ್ಪಂದವಾಯಿತು. ಎಲ್ವಿಸ್‌ಗೆ ಕೊಟ್ಟದ್ದರ ಐದನೇ ಒಂದು ಪಾಲು. ಆಗ ಅಮೆರಿಕದಲ್ಲಿ ಬೀಟಲ್ಸ್ ಹೆಸರು ಬಲ್ಲವರು ಕಡಿಮೆ. 1964ರ ಫೆಬ್ರವರಿ 9ರ ಹೊತ್ತಿಗೆ 728 ಆಸನಗಳ ಸಭಾಂಗಣಕ್ಕೆ 50,000ಕ್ಕೂ ಹೆಚ್ಚು ಅರ್ಜಿಗಳು ಬಂದಿದ್ದವು. ಆ ರಾತ್ರಿ ಸುಮಾರು 7 ಕೋಟಿ 30 ಲಕ್ಷ ಜನ ಟಿವಿ ಮುಂದೆ ಕುಳಿತರು. ಅಧ್ಯಕ್ಷ ಕೆನಡಿಯವರ ಹತ್ಯೆಯಾಗಿ ಮೂರು ತಿಂಗಳೂ ತುಂಬಿರಲಿಲ್ಲ. ಶೋಕದಲ್ಲಿದ್ದ ದೇಶದ ಯುವಜನರಿಗೆ ಅದು ದೊಡ್ಡ ಬಿಡುಗಡೆಯಾಯಿತು.

ಕೊನೆಯ ದಿನಗಳು

1967ರಲ್ಲಿ ಸಿಬಿಎಸ್ ಬ್ರಾಡ್‌ವೇಯ ಆ ಸಭಾಂಗಣಕ್ಕೆ ಎಡ್ ಸಲಿವನ್ ಥಿಯೇಟರ್ ಎಂದು ಹೆಸರಿಟ್ಟಿತು. ಆದರೆ ಕಾಲ ಬದಲಾಗುತ್ತಿತ್ತು. ಮನೆಯಲ್ಲಿ ಎರಡನೇ ಟಿವಿ ಬಂತು, ಮಕ್ಕಳು ನೋಡುವುದು ಬೇರೆ, ಹಿರಿಯರು ನೋಡುವುದು ಬೇರೆಯಾಯಿತು. ಎಲ್ಲರಿಗೂ ಒಂದೇ ಊಟದೆಲೆ ಹಾಕುವ ಸಲಿವನ್ ಸೂತ್ರಕ್ಕೆ ಬೆಲೆ ಇಳಿಯಿತು. ಜಾಹೀರಾತುದಾರರಿಗೆ ಎಳೆಯ ಪ್ರೇಕ್ಷಕರು ಬೇಕಿತ್ತು. 1971ರ ಮಾರ್ಚ್‌ನಲ್ಲಿ ವಾಹಿನಿ ಕಾರ್ಯಕ್ರಮವನ್ನು ರದ್ದು ಮಾಡಿತು. ಆ ತಿಂಗಳ 28ರಂದು ಕೊನೆಯ ಹೊಸ ಕಂತು ಪ್ರಸಾರವಾಯಿತು. ನೊಂದ ಸಲಿವನ್ ಬೀಳ್ಕೊಡುಗೆಯ ಕಾರ್ಯಕ್ರಮ ಮಾಡಲು ಒಪ್ಪಲಿಲ್ಲ. 23 ವರ್ಷ ಸಾವಿರಾರು ಜನರನ್ನು ಪರಿಚಯಿಸಿ ಬೀಳ್ಕೊಟ್ಟವರು ತಮಗಾಗಿ ಒಂದು ವಿದಾಯವನ್ನೂ ಪಡೆಯಲಿಲ್ಲ.

1973ರ ಮಾರ್ಚ್ 16ರಂದು ಪತ್ನಿ ಸಿಲ್ವಿಯಾ ನಿಧನರಾದರು. ಅಲ್ಲಿಂದ ಸಲಿವನ್ ಕುಗ್ಗಿಹೋದರು. ಮರುವರ್ಷ ಅನ್ನನಾಳದ ಕ್ಯಾನ್ಸರಿನಿಂದ ನ್ಯೂಯಾರ್ಕಿನ ಲೆನಾಕ್ಸ್ ಹಿಲ್ ಆಸ್ಪತ್ರೆಯಲ್ಲಿ 73ನೇ ವಯಸ್ಸಿನಲ್ಲಿ ಕೊನೆಯುಸಿರೆಳೆದರು. ಅಂದು 1974ರ ಅಕ್ಟೋಬರ್ 13, ಭಾನುವಾರ. ಅವರ ಅಂತ್ಯವಿಧಿ ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲ್‌ನಲ್ಲಿ ನಡೆಯಿತು.

ಅವರ ಹೆಸರಿನ ಥಿಯೇಟರಿನಲ್ಲಿ 1993ರಿಂದ 2015ರವರೆಗೆ ಡೇವಿಡ್ ಲೆಟರ್‌ಮನ್ ತಮ್ಮ ಕಾರ್ಯಕ್ರಮ ನಡೆಸಿದರು. ಸಲಿವನ್ ಹಾಡಿದ ಹಾಡೊಂದೂ ಇಲ್ಲ, ಕುಣಿದ ಕುಣಿತವೂ ಇಲ್ಲ. ಅವರು ಬಿಟ್ಟುಹೋದದ್ದು ಪರರ ಪ್ರತಿಭೆಯ ಪಟ್ಟಿ. ಆ ಪಟ್ಟಿಗೆ ಯಾರನ್ನು ಸೇರಿಸಿದರು ಎಂಬುದಕ್ಕೆ ಇತಿಹಾಸ ಅವರನ್ನು ಗೌರವಿಸುತ್ತದೆ. ಯಾರನ್ನು ಬಿಟ್ಟರು ಎಂಬುದನ್ನೂ ಅದು ಮರೆತಿಲ್ಲ. ವೇದಿಕೆಯ ಪಟ್ಟಿ ಬರೆಯುವ ಪ್ರತಿಯೊಬ್ಬರೂ ನೆನಪಿಡಬೇಕಾದ ಮಾತು ಇದು.